ಬಾಳವ್ವನ ಹೆಸರಿನ ನೀರು

ಗೋಕಾಕದ ನಮ್ಮ ಗಲ್ಲಿಯಲ್ಲಿ ದಿನ ಬಿಟ್ಟು ದಿನ ಬೆಳಿಗ್ಗೆ ಆರಕ್ಕೆ ನಳಕ್ಕೆ ನೀರು ಬರುತ್ತದೆ. ಮೊದಲು ಕಂಡವರು ಬಾಜೂ ಮನೆಯವರನ್ನು ಕೂಗಿ ಎಬ್ಬಿಸಬೇಕು, ಅದೂ ಮನೆಯ ಹೆಣ್ಣಿನ ಹೆಸರು ಹಿಡಿದು. ಗೋಡೆ ಕಟ್ಟುವ ಯಲ್ಲಪ್ಪ ಗೌಂಡಿಯ ಮನೆಗೆ ಬಾಜೂ ಮನೆಯ ಲಕ್ಕವ್ವನ ಕೂಗು. ಇಪ್ಪತ್ತೆರಡು ವರ್ಷ ಒಂದೇ ಮಾತು:

"ಬಾಳವ್ವಾ, ನೀರ ಬಂತ ನೋಡವಾ."

ಯಲ್ಲಪ್ಪನ ಹೆಂಡತಿ ಬಾಳವ್ವ ಶ್ರಾವಣದಲ್ಲಿ ತೀರಿಕೊಂಡಳು. ಹೆಣಕ್ಕೆ ನೀರು ಹಾಕಿದವಳೇ ಲಕ್ಕವ್ವ. ಆದರೂ ಮತ್ತೆ ನಳ ಬಂದ ದಿನ ಅವಳ ಬಾಯಿಂದ ಹೊರಟದ್ದು ಅದೇ ಹೆಸರು. ಆಮೇಲೂ ಹಾಗೇ ನಡೆಯಿತು. ಯಲ್ಲಪ್ಪ ಏಳುತ್ತಿದ್ದ, ಮೂರು ಕೊಡ ತುಂಬುತ್ತಿದ್ದ. ಒಬ್ಬನಿಗೆ ಒಂದು ಸಾಕಿತ್ತು. ಅವನು ಅತ್ತದ್ದನ್ನು ಯಾರೂ ಕಾಣಲಿಲ್ಲ. ಉಂಡೆನೋ ಇಲ್ಲವೋ ಎಂಬುದೂ ಅವನಿಗೆ ನೆನಪಿರುತ್ತಿರಲಿಲ್ಲ.

ಮಗಳು ಶೋಭಾ, ಅಳಿಯ ಉಮೇಶ ಊರಾಚೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ ಒಂದು ಕೋಣೆಯನ್ನು ಅವನಿಗೆಂದೇ ಬಿಟ್ಟಿದ್ದರು. ಗಲ್ಲಿಯ ಮನೆ ಬಾಡಿಗೆಯದು. ಇರುತ್ತೀಯೋ ಬಿಡುತ್ತೀಯೋ ದೀಪಾವಳಿಯೊಳಗೆ ಹೇಳು ಎಂದಿದ್ದ ಮಾಲಕ. ಒಮ್ಮೆ ಬಿಟ್ಟರೆ ಮತ್ತೆ ಸಿಗುವ ಮನೆಯಲ್ಲ. ಎಂಟು ದಿನ ಇದ್ದು ನೋಡಿ ಹೇಳುತ್ತೇನೆಂದು ಯಲ್ಲಪ್ಪ ಬಡಾವಣೆಗೆ ಹೋದ.

ಗೌಂಡಿಯ ಕಣ್ಣು, ಬಿಟ್ಟೀತೆ? ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ಗೋಡೆ ನೋಡಿದ, ನೇರವಿತ್ತು. ಗೋಡೆಗೆ ಮೆತ್ತಿದ ಗಿಲಾಯಿ ಬಡಿದು ನೋಡಿದ, ಗಟ್ಟಿಯಿತ್ತು. ಮಾಳಿಗೆಯ ಮೇಲೆ ನೀರಿನ ಟಾಕಿ. ನಳ ಯಾವಾಗ ತಿರುವಿದರೂ ನೀರು. ಯಮಕನಮರಡಿಯಿಂದ ಬಂದ ಎದುರು ಮನೆಯವನು ಗಾಡಿ ತೆಗೆಯುವಾಗ ಇವನನ್ನು ಕಂಡು ತಲೆ ಆಡಿಸುತ್ತಿದ್ದ. ಕೊರತೆಯೆಂದು ಹೆಸರಿಡುವಂಥದ್ದು ಒಂದೂ ಇರಲಿಲ್ಲ. ಆದರೆ ಗಲ್ಲಿಗೆ ನೀರು ಬರುವ ದಿನಗಳಂದು ಯಲ್ಲಪ್ಪ ಆರಕ್ಕೆ ಎಚ್ಚರವಾಗಿ ಮಂಚದ ಮೇಲೆ ಕೂತು ಕೇಳುತ್ತಿದ್ದ. ಮೋಟರಿನ ಸದ್ದು, ಅಷ್ಟೇ. ಕೂಗು ಯಾವುದೂ ಇಲ್ಲ.

ಎಂಟನೆಯ ದಿನ ಶೋಭಾ ಕೇಳಿದಳು. "ಹೆಂಗನಸ್ತಪಾ?"

"ಮನಿ ಚಲೋ ಐತಿ. ನಾ ಗಲ್ಲಿಗೇ ಹೋಗತೇನಿ."

"ಮಾವಾರಿಗೆ ನೆಟ್ಟಗಿನ ಗ್ವಾಡಿ ಕಂಡ್ರ ನಿದ್ದಿ ಹತ್ತೂದಿಲ್ಲ ಕಾಣತೈತಿ" ಎಂದು ಉಮೇಶ ನಕ್ಕ. ಯಲ್ಲಪ್ಪನೂ ತುಟಿ ಅಗಲಿಸಿದ.

ಅವನಿಲ್ಲದ ಆ ಎಂಟು ದಿನ ಗಲ್ಲಿಯ ಹೆಂಗಸರು ಲಕ್ಕವ್ವನನ್ನು ತರಾಟೆಗೆ ತೆಗೆದುಕೊಂಡಿದ್ದರು. ಸತ್ತವಳ ಹೆಸರು ಕೂಗಿ ಕೂಗಿ ಆ ಮನುಷ್ಯನನ್ನು ಊರು ಬಿಡಿಸಿದೆ ಎಂದಿದ್ದರು. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಳು.

ಯಲ್ಲಪ್ಪ ಮರಳಿದ ಮರುದಿನ ನೀರು ಬಂತು.

"ಯಲ್ಲಪ್ಪಣ್ಣಾ, ನೀರ ಬಂತು, ಏಳ್ರಿ."

ಅವನು ಏಳಲಿಲ್ಲ. ಎರಡನೆಯ ಸಲ ಕೂಗಿದಾಗ ಹೊರಬಂದ.

"ಯಾಕವಾ, ಹೆಸರ ಬದಲ ಮಾಡಿದಿ?"

"ಇಷ್ಟ ದಿನ ತಪ್ಪ ಮಾಡಿದ್ನೆಣ್ಣಾ. ಇನ್ನ ಹಂಗ ಕರ್ಯಾಂಗಿಲ್ಲ."

ಅವಳ ಕಣ್ಣಲ್ಲಿ ನೀರಿತ್ತು. ಮೊದಲಿನಂತೆಯೇ ಕರಿ ಎನ್ನಬೇಕೆಂದು ಯಲ್ಲಪ್ಪನಿಗೆ ಬಾಯಿಗೆ ಬಂದಿತ್ತು. ಅಷ್ಟು ನೊಂದವಳಿಗೆ ಅದನ್ನು ಹೇಗೆ ಹೇಳುವುದು? "ಆತು ಬಿಡವಾ" ಎಂದ. ಒಂದೇ ಕೊಡ ತುಂಬಿದ.

ಬಾಳವ್ವನ ಹೆಸರು ಇನ್ನು ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ. ಮಧ್ಯಾಹ್ನವೇ ಮಾಲಕನಿಗೆ ಕೀಲಿ ಕೊಟ್ಟ. ಮೂರೂ ಕೊಡಗಳನ್ನು ಲಕ್ಕವ್ವನ ಕಟ್ಟೆಯ ಮೇಲಿಟ್ಟು ಬಡಾವಣೆಯ ದಾರಿ ಹಿಡಿದ.

ಮೊನ್ನೆ ನಾನು ಬಡಾವಣೆಗೆ ಹೋದಾಗ, ಇಲ್ಲಿ ಹೊಂದಿಕೆಯಾಯಿತೇ ಎಂದು ಕೇಳಿದೆ.

"ನಳ ತಿರುವಿದ್ರ ನೀರ ಬರ್ತೈತ್ರಿ" ಎಂದ.