ಓಡಿಸದವಳ ಚಿನ್ನದ ಲೈಸೆನ್ಸು

ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕಬಹುದಿತ್ತು. ತಿರುವಿನಲ್ಲಿ ಎದುರಿಗೆ ಬಸ್ಸು ಬರಬಹುದಿತ್ತು. ಬಸ್ಸಿನವನು ಕೈಯೆತ್ತಿ ಬಯ್ಯಬಹುದಿತ್ತು, ಇಟಾಲಿಯನ್ ಬಾರದ ನಾನು ಅದನ್ನು ಸ್ವಾಗತ ಅಂದುಕೊಂಡು ಕೈ ಮುಗಿಯಬಹುದಿತ್ತು, ಸ್ಟೀರಿಂಗ್ ಬಿಟ್ಟು. ಬಲಗಡೆ ಹೋಗಬೇಕಾದ ದೇಶದಲ್ಲಿ ಎಡಗಡೆ ಹೋಗಬಹುದಿತ್ತು. ಆಟೋಮ್ಯಾಟಿಕ್ ಮುಗಿದಿದೆ ಎಂದು ಕೌಂಟರಿನವರು ಗೇರಿನ ಕಾರಿನ ಕೀಲಿಕೈ ಕೊಡಬಹುದಿತ್ತು. ಹಳೇ ಊರಿನೊಳಗೆ ಹೊರಗಿನ ಕಾರು ಬರಕೂಡದು ಅನ್ನುವ ಬೋರ್ಡು ಕಣ್ಣಿಗೆ ಬೀಳದೆ, ಆರು ತಿಂಗಳ ಮೇಲೆ ಜಪಾನಿನ ಕಾವಾಸಾಕಿಯ ನಮ್ಮ ಮನೆಗೆ ದಂಡದ ಕಾಗದ ಬರಬಹುದಿತ್ತು. ಇಳಿಜಾರಿನಲ್ಲಿ ನಿಲ್ಲಿಸಿದ ಕಾರು ತಾನೇ ಹೊರಟು ಸರೋವರಕ್ಕೆ ಇಳಿದುಬಿಡಬಹುದಿತ್ತು. ಒಳಗೆ ಮೂರು ಪಾಸ್‌ಪೋರ್ಟು, ಒಂದು ಡಬ್ಬಿ ಪುಳಿಯೋಗರೆ ಗೊಜ್ಜು. ಮಗಳಿಗೆ ವಾಂತಿಯಾಗಬಹುದಿತ್ತು. ನನಗೇ ಆಗಬಹುದಿತ್ತು. ಇವೆಲ್ಲ ಆಗುವುದಕ್ಕೂ ಮೊದಲು, ಕಾರು ಓಡಿಸುವ ವಿಷಯದಲ್ಲಿ ನನ್ನ ಗಂಡನಿಗೆ ನಾನು ನಿಜ ಹೇಳಬೇಕಾಗಿ ಬರಬಹುದಿತ್ತು. ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಹೆದರಿಕೆ ಇದ್ದದ್ದು ಅದರದೇ.

ಜಪಾನಿನಲ್ಲಿ ಡ್ರೈವಿಂಗ್ ಲೈಸೆನ್ಸಿನ ಮೇಲೆ ಒಂದು ಬಣ್ಣದ ಗೆರೆ ಇರುತ್ತದೆ. ಹೊಸಬರಿಗೆ ಹಸಿರು, ಆಮೇಲೆ ನೀಲಿ, ವರ್ಷಗಟ್ಟಲೆ ಒಂದೂ ತಪ್ಪು ಮಾಡದವರಿಗೆ ಚಿನ್ನದ ಬಣ್ಣ. ನನ್ನದು ಚಿನ್ನ. ತಪ್ಪು ಮಾಡದಿರುವುದಕ್ಕೆ ಇರುವ ಅತಿ ಸುಲಭದ ದಾರಿಯನ್ನು ನಾನು ಹಿಡಿದಿದ್ದೆ: ಹತ್ತು ವರ್ಷದಿಂದ ಕಾರನ್ನೇ ಮುಟ್ಟಿರಲಿಲ್ಲ. ರೈಲಿದೆ, ಸೈಕಲ್ಲಿದೆ, ಮನೆಯ ಕೆಳಗೇ ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿ ಇದೆ. ಹಾಲು ತರುವುದಕ್ಕೆ ಯಾರು ಕಾರು ತೆಗೆಯುತ್ತಾರೆ? ಲೈಸೆನ್ಸ್ ನವೀಕರಿಸಲು ಹೋದಾಗ ನನ್ನನ್ನು ಉತ್ತಮ ಚಾಲಕರ ಕೋಣೆಯಲ್ಲಿ ಕೂರಿಸಿದರು. ಸುತ್ತಲೂ ನನ್ನಂಥ ಹೆಂಗಸರು, ಕೆಲವು ಅಜ್ಜಿಯರು. ರಸ್ತೆ ಸುರಕ್ಷತೆಗೆ ನಾವು ಸಲ್ಲಿಸಿದ ಸೇವೆಗಾಗಿ ಅಧಿಕಾರಿ ತಲೆಬಾಗಿ ವಂದಿಸಿದರು. ನಾವೂ ವಂದಿಸಿದೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಲೈಸೆನ್ಸ್ ಸಿಕ್ಕಿದ್ದೂ ಇಂಥದ್ದೇ ಕಥೆ. ಇಲ್ಲಿಗೆ ಬಂದ ಮೊದಲ ವರ್ಷ, ಊರಿನ ಲೈಸೆನ್ಸನ್ನು ಇಲ್ಲಿನದಕ್ಕೆ ಬದಲಾಯಿಸಿಕೊಳ್ಳಲು ಇಬ್ಬರೂ ಪರೀಕ್ಷೆಗೆ ಹೋಗಿದ್ದೆವು. ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಕಾರು ಓಡಿಸಿದ್ದ ಇವರು ಮೂರು ಸಲ ಫೇಲಾದರು. ಮೊದಲ ಸಲ, ಹತ್ತುವ ಮುಂಚೆ ಕಾರಿನ ಸುತ್ತ ನೋಡಲಿಲ್ಲ. ಎರಡನೇ ಸಲ, ಎಡಕ್ಕೆ ತಿರುಗುವಾಗ ಹೆಗಲ ಹಿಂದೆ ನೋಡಲಿಲ್ಲ. ಮೂರನೇ ಸಲ ನೋಡಿದರು, ಆದರೆ ಕಣ್ಣಷ್ಟೇ ಹೊರಳಿತು, ಕುತ್ತಿಗೆ ತಿರುಗಲಿಲ್ಲವಂತೆ. ನಾನೋ, ಕಾರಿನ ಕೆಳಗೂ ಬಗ್ಗಿ ನೋಡಿದೆ. ಬೆಕ್ಕೇನಾದರೂ ಮಲಗಿದ್ದರೆ? ಅಪಾಯವನ್ನು ಮುಂಚೆಯೇ ಊಹಿಸುವುದು ಇಲ್ಲಿ ಚಾಲಕರಿಗೆ ಕಲಿಸುವ ಒಂದು ವಿದ್ಯೆ. ನನಗೆ ಅದು ಹುಟ್ಟಿದಾಗಿನಿಂದ ಇರುವ ಕಾಯಿಲೆ. ಮೊದಲ ಸಲಕ್ಕೇ ಪಾಸಾದೆ. ಇವರು ನಾಲ್ಕನೇ ಸಲ ಹೋಗಲಿಲ್ಲ. ಆಮೇಲೆ ಯಾರು ಮನೆಗೆ ಬಂದರೂ "ನಮ್ಮನೇಲಿ ಡ್ರೈವರ್ ಅಂದ್ರೆ ಇವಳೇ ಕಣ್ರೀ, ಗೋಲ್ಡು!" ಅನ್ನುತ್ತಿದ್ದರು. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ.

ಇನ್ನು ಇಟಲಿ. ಅದು ಕ್ಯಾಲೆಂಡರಿನಿಂದ ಬಂತು. ಇವರ ಆಫೀಸಿನಲ್ಲಿ ಕೊಟ್ಟ ಕ್ಯಾಲೆಂಡರಿನ ಸೆಪ್ಟೆಂಬರ್ ಹಾಳೆಯಲ್ಲಿ ಕೊಮೋ ಸರೋವರದ ಚಿತ್ರವಿತ್ತು: ನೀಲಿ ನೀರು, ಅಂಚಿನಲ್ಲೊಂದು ರಸ್ತೆ, ರಸ್ತೆಯಲ್ಲೊಂದು ಕೆಂಪು ಕಾರು. ಆಗಸ್ಟ್ ಹರಿದು ಹಾಕುತ್ತಾ ನಾನು, "ಎಷ್ಟ್ ಚೆನ್ನಾಗಿದೆ ಅಲ್ವಾ, ಇಂಥಾ ಕಡೆ ಕಾರಲ್ಲಿ ಹೋಗ್ಬೇಕು" ಅಂದೆ. ನಾನು ಹೀಗೆ ಅನ್ನುವವಳೇ. ಪಕ್ಕದ ಮನೆಯವರ ಕರ್ಟನ್ ನೋಡಿಯೂ ಅಂದಿದ್ದೇನೆ. ಆದರೆ ಎರಡು ವರ್ಷದ ನಂತರ, ನಮ್ಮ ಮದುವೆಯಾಗಿ ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ, ಭಾನುವಾರದ ದೋಸೆಯ ಮುಂದೆ ಕೂತು ಇವರು ಘೋಷಿಸಿದರು.

"ಸೆಪ್ಟೆಂಬರ್ ಕೊನೇ ವಾರ. ರಜಾ ಹಾಕಾಯ್ತು. ನಿನ್ನ ಕನಸು ಕಣೇ."

"ಯಾವ ಕನಸು ರೀ?"

"ಇಟಲಿ! ಸರೋವರದ ಸುತ್ತ ಎಂಟು ದಿನ, ಕಾರಲ್ಲಿ. ಗೋಲ್ಡ್ ಡ್ರೈವರ್ ಇದಾಳೆ ಮನೇಲಿ, ಇನ್ನೇನ್ ಬೇಕು?"

ಹದಿನೈದರ ಮಗಳು ಫೋನಿನಿಂದ ತಲೆಯೆತ್ತಿದಳು. "ಅಮ್ಮ ಡ್ರೈವ್ ಮಾಡ್ತಾಳಾ? ಉಸೋ!" ಸುಳ್ಳು ಅನ್ನುವುದಕ್ಕೆ ಇಲ್ಲಿನ ಮಾತು ಅದು, ಆಶ್ಚರ್ಯವಾದರೂ ಹಾಗೇ ಅನ್ನುತ್ತಾರೆ. ಅವಳು ಯಾವುದಕ್ಕೆ ಅಂದಳೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಆಗಲೇ ಹೇಳಿಬಿಡಬಹುದಿತ್ತು. ದೋಸೆ ಹೊತ್ತುತ್ತಿತ್ತು, ಎದ್ದು ಹೋದೆ. ವಾಪಸು ಬರುವಷ್ಟರಲ್ಲಿ ಇವರು ರಜೆ ಕೇಳಿದ ಕಥೆಯಲ್ಲಿದ್ದರು. ಇಲ್ಲಿ ಹತ್ತು ದಿನ ರಜೆ ಅಂದರೆ ಸಣ್ಣ ಮಾತಲ್ಲ. ಒಂದೊಂದು ಮೇಜಿನ ಮುಂದೂ ನಿಂತು, ನಿಮಗೆಲ್ಲ ತೊಂದರೆ ಕೊಡುತ್ತಿದ್ದೇನೆ, ಸುಮಿಮಾಸೆನ್, ಕ್ಷಮಿಸಿ, ಎಂದು ಬಾಗಿ ಬಂದಿದ್ದರು. ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮ ಹಳೆಯ ಇಟಲಿ ನಕ್ಷೆಯನ್ನು ಮನೆಯಿಂದ ತಂದುಕೊಟ್ಟು, "ಹೆಂಡತಿ ಓಡಿಸುತ್ತಾರಾ! ಸುಗೋಯ್, ಭಲೇ!" ಅಂದಿದ್ದರಂತೆ. ಅಷ್ಟೊಂದು ನಮಸ್ಕಾರಗಳನ್ನು ಈಗ ಹಿಂದಕ್ಕೆ ಪಡೆಯುವುದು ಹೇಗೆ?

ಮುಂದೆ ಒಂದೊಂದು ಕಾಗದವೂ ಒಂದೊಂದು ಚಿಲಕವಾಯಿತು. ವೀಸಾಕ್ಕೆ ದಿನದಿನದ ಯೋಜನೆ ಬರೆದುಕೊಡಬೇಕು. ಪ್ರಯಾಣ ಹೇಗೆ: ಬಾಡಿಗೆ ಕಾರು. ಓಡಿಸುವವರು: ಹೆಂಡತಿ. ಕೆಳಗೆ ನನ್ನದೇ ಸಹಿ. ಲೈಸೆನ್ಸ್ ಕೇಂದ್ರಕ್ಕೆ ಹೋಗಿ ಅಂತರರಾಷ್ಟ್ರೀಯ ಪರವಾನಗಿ ಪಡೆದೆ. ಏನಾದರೂ ಕೊಕ್ಕೆ ತೆಗೆದಾರು ಅಂದುಕೊಂಡಿದ್ದೆ, ಅವರು ಚಿನ್ನದ ಗೆರೆ ನೋಡಿ ಕೂಡಲೇ ಕೊಟ್ಟು ಕಳಿಸಿದರು. ಮೈಸೂರಿನಿಂದ ಅಮ್ಮ ಫೋನಿನಲ್ಲಿ "ಕೆರೆ ನೋಡೋಕೆ ಅಷ್ಟು ದೂರ ಯಾಕೇ, ಇಲ್ಲಿ ಕುಕ್ಕರಹಳ್ಳಿ ಕೆರೆ ಇಲ್ವಾ?" ಅಂದಾಗ, ನನ್ನ ಕಡೆ ಇರುವವರು ಪ್ರಪಂಚದಲ್ಲಿ ಅವಳೊಬ್ಬಳೇ ಅನ್ನಿಸಿತು. ಆದರೂ ಬಾಯಿ ಅಂದದ್ದು, "ಹೋಗಮ್ಮ, ನಿಂಗೇನ್ ಗೊತ್ತು, ಎಷ್ಟ್ ಚೆನ್ನಾಗಿರತ್ತೆ."

ಕೊನೆಗೆ ನಾನು ಕದ್ದು ಪಾಠಕ್ಕೆ ಸೇರಿದೆ. ಲೈಸೆನ್ಸ್ ಇದ್ದೂ ಓಡಿಸದವರನ್ನು ಇಲ್ಲಿ ಪೇಪರ್ ಡ್ರೈವರ್ ಅನ್ನುತ್ತಾರೆ, ಅಂಥವರಿಗೆಂದೇ ಮೇಷ್ಟ್ರುಗಳಿದ್ದಾರೆ. ನನಗೆ ಸಿಕ್ಕವರು ನಿವೃತ್ತ ಬಸ್ ಚಾಲಕರು, ಬಿಳೀ ಕೈಗವಸು ಹಾಕಿಕೊಂಡು ತಮ್ಮ ಪುಟ್ಟ ಕಾರಿನಲ್ಲಿ ಪ್ರತಿ ಮಂಗಳವಾರ ಸ್ಟೇಷನ್ ಹಿಂದಿನ ರಸ್ತೆಗೆ ಬರುತ್ತಿದ್ದರು. ಕಾರಿನ ಬೆನ್ನಿಗೆ "ಪೇಪರ್ ಡ್ರೈವರ್ ಅಭ್ಯಾಸದಲ್ಲಿದ್ದಾರೆ" ಎಂದು ಊರಿಗೆಲ್ಲ ಕಾಣುವ ಅಕ್ಷರ. ಮೊದಲ ದಿನ ನಾನು ಮಾಸ್ಕು, ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಹೋದೆ. ಮೇಷ್ಟ್ರು ಬಹಳ ಮರ್ಯಾದೆಯಿಂದ, ಕನ್ನಡಕ ತೆಗೆದರೆ ರಸ್ತೆ ಇನ್ನೂ ಚೆನ್ನಾಗಿ ಕಾಣಬಹುದೇನೋ ಅಂದರು.

"ಸೆನ್ಸೇ, ರಸ್ತೆಯ ಬಲಗಡೆ ಓಡಿಸುವುದನ್ನು ಹೇಳಿಕೊಡ್ತೀರಾ?" ಎಂದು ಎರಡನೇ ವಾರ ಕೇಳಿದೆ. ಜಪಾನಿನಲ್ಲೂ ನಮ್ಮ ಊರಿನ ಹಾಗೆ ಎಡಗಡೆಯೇ.

ಅವರು ಹಲ್ಲಿನ ಸಂದಿಯಿಂದ ಉಸಿರು ಎಳೆದುಕೊಂಡರು. "ಕಾವಾಸಾಕಿಯಲ್ಲಿ ಅದು... ಸ್ವಲ್ಪ..."

ಐದು ಮಂಗಳವಾರ ಹೋದೆ. ಕಾರ್ಖಾನೆಗಳ ಉದ್ದನೆಯ ಗೋಡೆಗಳ ಪಕ್ಕ, ಲಾರಿಗಳ ನಡುವೆ, ಕೊನೇ ದಿನ ಬೆಟ್ಟದ ಕಡೆಯ ಒಂದು ಕಿರುದಾರಿಯಲ್ಲೂ ಓಡಿಸಿದೆ. ಏನೂ ಆಗಲಿಲ್ಲ. ಮೇಷ್ಟ್ರು ಅಂಕದ ಹಾಳೆ ಕೊಟ್ಟರು: ಸಾಲಾಗಿ ಸೊನ್ನೆಗಳು. ಇಲ್ಲಿ ಸೊನ್ನೆ ಸುತ್ತಿದರೆ ಸರಿ ಎಂದು. ಒಂದೇ ಕಡೆ ತ್ರಿಕೋನ, ಅಂದರೆ ಸುಧಾರಿಸಬೇಕು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರು: ತನ್ನ ಸರದಿ ಬಂದಾಗಲೂ ಹೊರಡುವುದಿಲ್ಲ, ಎಲ್ಲರಿಗೂ ದಾರಿ ಬಿಡುತ್ತಾರೆ.

"ಒಕುಸಾನ್, ನಿಮಗೆ ಚೆನ್ನಾಗಿ ಬರುತ್ತದೆ. ಇನ್ನು ನಾನು ಬೇಕಾಗಿಲ್ಲ." ಒಕುಸಾನ್ ಅಂದರೆ ಇಲ್ಲಿ ಅಮ್ಮಾವ್ರೇ ಅಂದ ಹಾಗೆ.

ಮನೆಗೆ ಮರಳುವ ರೈಲಿನಲ್ಲಿ ಕೂತು ಹಾಳೆಯನ್ನು ಮತ್ತೆ ಮತ್ತೆ ಓದಿದೆ. ಸಂತೋಷ ಆಗಬೇಕಿತ್ತು. ಆದದ್ದು ಬೇರೆ. ಬರುವುದಿಲ್ಲ ಅನ್ನುವ ಒಂದು ನೆಪ ಇಷ್ಟು ದಿನ ಕೈಯಲ್ಲಿತ್ತು, ಅದನ್ನು ನಾನೇ ದುಡ್ಡು ಕೊಟ್ಟು ಕಳೆದುಕೊಂಡಿದ್ದೆ. ಬರುವುದಿಲ್ಲ ಅಂದರೆ ನಮ್ಮ ಮನೆಯಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಬೇಡ ಅನ್ನುವ ಮಾತನ್ನು ಮಾತ್ರ ಇಪ್ಪತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಏಕೆಂದರೆ ನಾನು ಆಡಿರಲಿಲ್ಲ. ಈಗ ಉಳಿದಿದ್ದದ್ದು ಅದೊಂದೇ. ನನಗೆ ಓಡಿಸಲು ಬರುತ್ತದೆ, ಓಡಿಸುವುದು ಬೇಡ. ಎಂಟು ದಿನ ಕಣ್ಣು ರಸ್ತೆಗೆ ಅಂಟಿಸಿಕೊಂಡು, ಸರೋವರವನ್ನು ಎಲ್ಲರಿಗೂ ತೋರಿಸಿ, ನಾನು ನೋಡದೆ ಬರುವ ರಜೆ ಬೇಡ.

ಹೊರಡಲು ಹನ್ನೆರಡು ದಿನವಿತ್ತು. ಶನಿವಾರ ಬೆಳಿಗ್ಗೆ, ಈಗ ಹೇಳಿಯೇ ಬಿಡುತ್ತೇನೆ ಎಂದು ಒಗೆದ ಬಟ್ಟೆ ಮಡಚುತ್ತಾ ಧೈರ್ಯ ಕೂಡಿಸುತ್ತಿದ್ದಾಗ ಇವರೇ ಕರೆದರು.

"ಬಾರೇ ಇಲ್ಲಿ, ಒಂದು ತೋರಿಸ್ತೀನಿ."

ಎರಡು ತಿಂಗಳಿಂದ ಇವರು ಸಂಜೆ ಹೊತ್ತು ಲ್ಯಾಪ್‌ಟಾಪ್ ಮುಂದೆ ಕೂತಿರುವುದನ್ನು ಆಫೀಸಿನ ಕೆಲಸ ಅಂದುಕೊಂಡಿದ್ದೆ. ಪರದೆಯ ಮೇಲೆ ಕೊಮೋದ ರಸ್ತೆಯ ಫೋಟೋ ಇತ್ತು. ಬಾಣದ ಗುರುತು ಒತ್ತಿದರೆ ಹತ್ತು ಮೀಟರು ಮುಂದೆ ಹೋಗುತ್ತದೆ. ಹಾಗೆ ಒತ್ತಿ ಒತ್ತಿ ಇವರು ಸರೋವರದ ಪಡುವಣ ದಂಡೆಯನ್ನು ಪೂರ್ತಿ ಮುಗಿಸಿದ್ದರು, ಹೋಗುವುದಕ್ಕೊಂದು ಸಲ, ಬರುವುದಕ್ಕೊಂದು ಸಲ. ಪಕ್ಕದಲ್ಲಿ ಮಗಳ ಹಳೇ ನೋಟ್‌ಬುಕ್ಕು. ಅದರ ತುಂಬ ಸುರಂಗಗಳು, ತಿರುವುಗಳು, ಎಲ್ಲಿ ರಸ್ತೆ ಕಿರಿದಾಗುತ್ತದೆ, ಎಲ್ಲಿ ಬಸ್ಸು ನಿಲ್ಲುತ್ತದೆ, ಎಲ್ಲಿ ಕಾರು ಪಕ್ಕಕ್ಕೆ ಹಾಕಿ ಉಸಿರು ಬಿಡಬಹುದು.

"ಓಡಿಸೋಕಂತೂ ನನ್ ಕೈಲಾಗಲ್ಲ," ಅಂದರು, ಪರದೆ ನೋಡುತ್ತಲೇ. "ದಾರಿನಾದ್ರೂ ನಾನು ಹೇಳ್ತೀನಿ. ನೀನು ಸ್ಟೀರಿಂಗ್ ಹಿಡ್ಕೋ ಸಾಕು."

ಹೇಳುವುದಕ್ಕೆ ಇದಕ್ಕಿಂತ ಕೆಟ್ಟ ಗಳಿಗೆ ಇರಲಿಲ್ಲ. ಎರಡು ತಿಂಗಳಲ್ಲಿ ಬಂದ ಒಳ್ಳೆಯ ಗಳಿಗೆಗಳನ್ನೆಲ್ಲ ಬಿಟ್ಟುಕೊಂಡು ಬಂದವಳ ಬಾಯಿಂದ ಆಗಲೇ ಅದು ಹೊರಗೆ ಬಂತು.

"ನಂಗೆ ಓಡಿಸೋದು ಬೇಡ ರೀ."

"ಭಯಾನಾ?"

"ಭಯಾನೂ ಇದೆ. ಆದ್ರೆ ಅದಕ್ಕಲ್ಲ. ಬೇಡ, ಅಷ್ಟೆ."

"ನಿನ್ನ ಕನಸು..."

"ಕ್ಯಾಲೆಂಡರ್ ಚೆನ್ನಾಗಿದೆ ಅಂದಿದ್ದೆ ರೀ ನಾನು."

ಸೋಫಾದಿಂದ ಮಗಳು "ಯಾತ್ತೋ" ಅಂದಳು. ಅಂತೂ ಆಯಿತಲ್ಲ ಎಂದು ಅರ್ಥ. "ಅಮ್ಮ, ಎವ್ರಿ ಟ್ಯೂಸ್‌ಡೇ ಸೂಪರ್‌ಮಾರ್ಕೆಟ್‌ಗೆ ಅಂತ ಹೋಗಿ ಏನೂ ತರದೆ ಬರ್ತಿದ್ದೆ. ಐ ಥಾಟ್ ಯೂ ವರ್ ಸಿಕ್."

ಇವರು ಕೂಗಾಡಲಿಲ್ಲ. ನಾನು ಕೂಗಾಟಕ್ಕೆ ತಕ್ಕ ಉತ್ತರ ಸಿದ್ಧಮಾಡಿಕೊಂಡಿದ್ದೆ, ಅದು ವ್ಯರ್ಥವಾಯಿತು. "ಹೌದಾ" ಅಂದರು. ಎರಡು ಸಲ ಒತ್ತಿದರು, ಕಾರು ರದ್ದಾಯಿತು. ನಾನು ಇಷ್ಟು ದಿನ ಹೊತ್ತುಕೊಂಡು ತಿರುಗಿದ್ದು ಇಷ್ಟೇ ತೂಕದ್ದು. ಆಮೇಲೆ ನೋಟ್‌ಬುಕ್ಕನ್ನು ಮುಚ್ಚಿ, ಬೋಟಿನ ವೇಳಾಪಟ್ಟಿ ಹುಡುಕತೊಡಗಿದರು. ಮುಂದಿನ ದಿನಗಳಲ್ಲಿ ನನ್ನ ಜೊತೆ ಬಹಳ ಸೌಜನ್ಯದಿಂದ ನಡೆದುಕೊಂಡರು, ಹೊಸದಾಗಿ ಬಂದ ಸಹೋದ್ಯೋಗಿಯ ಜೊತೆ ಇರುವ ಹಾಗೆ. ಹೇಳಿದ ಮೇಲೆ ಹಗುರಾಗುತ್ತೇನೆ ಅಂದುಕೊಂಡಿದ್ದವಳು ಈಗ ಹೊಸ ಚಿಂತೆ ಹಿಡಿದೆ: ವೀಸಾಕ್ಕೆ ಕಾರು ಅಂತ ಬರೆದುಕೊಟ್ಟು ಬೋಟಿನಲ್ಲಿ ಹೋದರೆ ಇಟಲಿ ಸರ್ಕಾರಕ್ಕೆ ಮೋಸ ಮಾಡಿದ ಹಾಗಲ್ಲವೇ?

ಇಟಲಿ ಸರ್ಕಾರ ಏನೂ ಕೇಳಲಿಲ್ಲ. ಮಳೆ ಬರಲಿಲ್ಲ, ಪಾಸ್‌ಪೋರ್ಟ್ ಕಳೆಯಲಿಲ್ಲ, ಗೊಜ್ಜಿನ ಡಬ್ಬಿ ಸೋರಲಿಲ್ಲ. ಇಡೀ ಪ್ರವಾಸದಲ್ಲಿ ತಪ್ಪಿದ್ದು ಒಂದೇ, ಮೂರನೇ ದಿನ.

ಬೋಟಿನಲ್ಲಿ ನಾವು ಒಂದು ಊರಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದೆವು. ನಾನು ನೀರಿನ ಕಡೆ ಕೂತಿದ್ದೆ, ಇವರು ದಂಡೆಯ ಕಡೆ. ನೋಟ್‌ಬುಕ್ಕನ್ನು ತಂದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. "ಅದು ನೋಡು, ಎರಡನೇ ಸುರಂಗ ಮುಗಿಯೋ ಜಾಗ," ಅಂದರು, ಯಾರಿಗೂ ಅಲ್ಲ ಅನ್ನುವಂತೆ. ಮಗಳು, "ಅಪ್ಪಾ, ವಿ ಆರ್ ಆನ್ ಅ ಬೋಟ್" ಅಂದಳು. ಇವರು ನಕ್ಕರು. ಒಂದು ಹಳದಿ ಗೋಡೆಯ ಮನೆ ಕಂಡದ್ದೇ ಧಡಕ್ಕನೆ ಎದ್ದು, "ಇದೇ, ಇದೇ, ಇಳೀರಿ!" ಅಂದರು. ಇಳಿದೆವು. ಬೋಟು ಹೋಯಿತು. ನಮ್ಮ ಹೋಟೆಲಿದ್ದ ಊರು ಮುಂದಿನದು. ರಸ್ತೆಯಿಂದ ಒಂದೊಂದು ಗೋಡೆಯ ಗುರುತೂ ಇದ್ದ ಮನುಷ್ಯನಿಗೆ ನೀರಿನ ಕಡೆಯಿಂದ ಊರು ತಿರುಗಾಮುರುಗ ಕಂಡಿತ್ತು.

ಮುಂದಿನ ಬೋಟಿಗೆ ಐವತ್ತು ನಿಮಿಷವಿತ್ತು. ಇವರು ಮೆಟ್ಟಿಲು ಹತ್ತಿ ರಸ್ತೆಗೆ ಹೋದರು. ಮಗಳನ್ನು ಪೆಟ್ಟಿಗೆಗಳ ಜೊತೆ ಕೂರಿಸಿ ನಾನೂ ಹಿಂದೆ ಹೋದೆ. ರಸ್ತೆಯ ಅಂಚಿನಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದರು.

"ಇಲ್ಲಿ ನೀನು ಹಾರ್ನ್ ಮಾಡ್ಬೇಕಿತ್ತು," ಅಂದರು.

"ಮಾಡ್ತಿದ್ದೆ."

"ಆಮೇಲೆ ಆ ಬಾಗಿಲು ಬರೋವರೆಗೂ ನಿಧಾನ."

"ಬಾಗಿಲಾದ ಮೇಲೆ?"

ಬಾಗಿಲಿನವರೆಗೆ ನಡೆದೆವು. ಅದರಾಚೆ ಏನಿದೆ ಎಂದು ಇವರು ಹೇಳಿದರು, ಅಲ್ಲಿಯವರೆಗೂ ನಡೆದೆವು. ಹಾಗೇ ಒಂದು ತಿರುವು, ಇನ್ನೊಂದು ತಿರುವು. ಕಾರು ಬಂದಾಗಲೆಲ್ಲ ಇವರು ನನ್ನ ತೋಳು ಹಿಡಿದು ಗೋಡೆಗೆ ಎಳೆದುಕೊಂಡರು. ವಾಪಸು ಬೋಟಿನ ಜೆಟ್ಟಿಗೆ ಬಂದಾಗ ಮಗಳು ಪೆಟ್ಟಿಗೆಯ ಮೇಲೆ ಕೂತು, ಸರೋವರದ ನಡುವೆ ಸಣ್ಣದಾಗುತ್ತಿದ್ದ, ನಾವು ಹತ್ತಬೇಕಿದ್ದ ಬೋಟನ್ನು ನೋಡುತ್ತಿದ್ದಳು.