ಒಂದೇ ಕಾಲಿನ ಗೆಜ್ಜೆ

ನನಗೆ ನೃತ್ಯ ಕಲಿಸಿದ ಬಾಯಾರ ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿತ್ತು. ಗೆಜ್ಜೆ ಬಲಗಾಲಿಗೆ ಮಾತ್ರ. ಮುಂಬೈಯಲ್ಲಿ ವಿದೇಶಿ ಹೆಂಗಸೊಬ್ಬಳಿಂದ ಬೆರಳ ತುದಿಯ ಮೇಲೆ ನಿಲ್ಲುವ ಕುಣಿತ ಕಲಿತು, ಅದನ್ನು ಕಥಕ್‌ಗೆ ಬೆಸೆದು ಕಲಬುರಗಿಗೆ ತಂದವರು ಅವರು. ತಬಲಾಕ್ಕೆ ನಮ್ಮ ಓಣಿಯ ಉಸ್ತಾದರು.

"ಆ ಕಾಲಿನ ಗೆಜ್ಜಿ ಕಳಕೊಂಡ್ರೇನ್ರೀ?" ಎಂದು ಹೆಂಗಸರು ಕಾಡಿಸಿದರೆ, "ಅದು ಮುಂಬೈಯಾಗ ಕಲ್ತ ಕಾಲವ್ವಾ. ಮಾತು ಕಡಿಮಿ" ಎನ್ನುತ್ತಿದ್ದರು.

ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮೇಲೆ ಕಮಲಾಪುರದ ಗೌಡರು ಸಾಲೆಯ ಅಂಗಳದಲ್ಲಿ ಅವರ ಕುಣಿತ ಇಡಿಸಿದರು. ನಿಜಾಮನ ಪರ ಹಾವಳಿ ಮಾಡಿದ್ದ ರಜಾಕಾರರ ಮೇಲಿನ ಸಿಟ್ಟು ಊರುಗಳಲ್ಲಿ ಇನ್ನೂ ಆರದೆ, ಕಂಡ ಮುಸಲ್ಮಾನರ ಮೇಲೆ ತಿರುಗಿತ್ತು. ಯಾರ ತಂಟೆಗೂ ಹೋಗದ ಉಸ್ತಾದರು ಆ ಸಿಟ್ಟಿಗೆ ಹೆದರಿ ಬಾಗಿಲಿಕ್ಕಿಕೊಂಡು ಕೂತಿದ್ದರು.

"ಅವರನ್ನ ಬಿಟ್ಟು ಬರ್ರಿ ಬಾಯಾರ. ಮಂದಿ ಸುಮ್ಮನಿರಂಗಿಲ್ಲ," ಎಂದರು ಗೌಡರು.

"ಆತ್ರೀ ಗೌಡ್ರ. ಅವರ ಜಾಗಾ ಅಷ್ಟ ತರ್ತೇನಿ."

ತಂದರು. ಕುಣಿಯಲು ಜೋಡಿಸಿದ್ದ ಮರದ ಹಲಗೆಯ ಮೇಲೆ ಉಸ್ತಾದರ ಜಮಖಾನ ಹಾಸಿ, ತಬಲಾ ಜೋಡಿ ಇಟ್ಟು, ಮುಟ್ಟಿ ಕಣ್ಣಿಗೊತ್ತಿಕೊಂಡರು. ಗೆಜ್ಜೆ ಕೇಳಬೇಕು, ತಬಲಾ ಉತ್ತರಿಸಬೇಕು, ಅದು ಆ ಕುಣಿತದ ಕ್ರಮ. ಉತ್ತರದ ಪಾಳಿ ಬಂದಾಗ ಬಾಯಾರು ಗೆಜ್ಜೆಯ ಕಾಲನ್ನು ಮೇಲೆತ್ತಿ, ಬರಿಯ ಎಡಗಾಲಿನ ಬೆರಳ ತುದಿಯ ಮೇಲೆ, ಖಾಲಿ ಜಮಖಾನದ ಕಡೆ ತಿರುಗಿ ನಿಂತುಬಿಟ್ಟರು. ಒಂದು ಗೆಜ್ಜೆಯೂ ಮಿಸುಕಲಿಲ್ಲ. ಎಷ್ಟು ಹೊತ್ತೋ. ನೆನಪು ಪ್ರತಿ ಸಲ ಅದನ್ನು ಹಿಗ್ಗಿಸುತ್ತದೆ, ಗಾಳಿಯೂ ನಿಂತಿತ್ತು ಎಂದು ಸೇರಿಸುತ್ತದೆ. ಗಾಳಿಯ ಮಾತು ನಾನು ನಂಬುವುದಿಲ್ಲ. ಆ ಕಾಲನ್ನು ನಂಬುತ್ತೇನೆ. ಮನುಷ್ಯರ ಮೈ ಹಾಗೆ ಹೇಗೆ ನಿಂತೀತು ಎಂಬುದು ಇಂದಿಗೂ ನನಗೆ ತಿಳಿದಿಲ್ಲ.

ಮುಂದೆ ಕೂತಿದ್ದ ಮುದುಕಿಯೊಬ್ಬಳು ತಡೆಯಲಾರದೆ ಕೂಗಿದಳು: "ಏ ಗೌಡಾ, ತಬಲಾ ಬಾರಸಾಂವ ಎಲ್ಲಿ ಹೋಗ್ಯಾನೋ? ಹೆಣ್ಮಗಳು ಕಾಯಾಕತ್ತಾಳ!"

ಮರುದಿನ ಗೌಡರೇ ಕಲಬುರಗಿಗೆ ಬಂದು ಉಸ್ತಾದರ ಬಾಗಿಲು ಬಡಿದರು.

ಮತ್ತೆ ಅದೇ ಅಂಗಳ. ಈ ಸಲ ಜಮಖಾನದ ಮೇಲೆ ಉಸ್ತಾದರಿದ್ದರು. ಪಾಳಿ ಬಂತು; ಅವರ ಕೈ ಏಳಲಿಲ್ಲ. ಬಾಯಾರು ಅದೇ ಬೆರಳ ಮೇಲೆ ನಿಂತು ಕಾದರು. ಹೆಬ್ಬೆರಳ ಕೆಳಗೆ ಹಲಗೆ ಕೆಂಪಾಗತೊಡಗಿತು. ಸಾಕು ಎಂದು ನಾನು ಕೂಗುವವಳಿದ್ದೆ, ಅಷ್ಟರಲ್ಲಿ ತಬಲಾ ಮಾತಾಡಿತು. ಆಗ ಕಾಲು ಕೆಳಗಿಳಿಯಿತು.

ಆ ಉಗುರಿಗೆ ಮತ್ತೆ ಬಣ್ಣ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಬಾಯಾರು ತೀರಿಕೊಂಡಾಗ, ಮೈ ತೊಳೆಯುತ್ತಿದ್ದ ನೆರೆಯವಳು ಅದನ್ನು ತಿಕ್ಕಿ ತಿಕ್ಕಿ ಸಾಕಾದಳು.

"ಹೊಲಸು ಹೋಗವಲ್ದು ನೋಡ್ರೀ."

"ಹೊಲಸಲ್ಲವ್ವಾ, ಹಂಗ ಬಿಡು," ಎಂದು ಆ ಕಾಲನ್ನು ನನ್ನ ಮಡಿಲಿಗೆ ತೆಗೆದುಕೊಂಡೆ.