ಕತ್ತಿ ಕೆಳಗಿಡದ ರಾಜಕುಮಾರಿ

ಟಿವಿಯಲ್ಲಿ ಕತ್ತಿ ಹಿಡಿದ ಹೆಂಗಸಿನ ಸಿನಿಮಾ ನೋಡಿ, ಕೊನೆಗೆ ಅವಳನ್ನೇಕೆ ಹೀಗೆ ಮಾಡಿದರು ಎಂದು ನೀವು ಜಗಳವಾಡುವುದನ್ನು ಅಡುಗೆಮನೆಯಿಂದ ಕೇಳುತ್ತಿರುತ್ತೇನೆ. ಎದುರಿಗೆ ಬಂದು ಹೇಳಲು ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ. ಆ ಜಗಳವನ್ನು ನಾವೂ ಆಡಿದ್ದೇವೆ, ಮಕ್ಕಳೇ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಿಮ್ಮ ತಾತ ಪರೇಲಿನ ಮಿಲ್ಲಿನಲ್ಲಿ ಗುಮಾಸ್ತರು. ವಡಾಲದ ಚಾಳಿನಲ್ಲಿ ನಮಗೆ ಒಂದೇ ಕೋಣೆ. ಸಾಲು ಕೋಣೆಗಳ ಮುಂದಿನ ಗ್ಯಾಲರಿಯ ಉದ್ದಕ್ಕೂ ವಿಜಾಪುರ, ಗುಲ್ಬರ್ಗದ ಕಡೆಯವರು. ಮಂಡ್ಯದ ಹಳ್ಳಿಯಲ್ಲಿ ಏಳನೇ ಕ್ಲಾಸು ಓದಿದ ನಾನೊಬ್ಬಳೇ ಆ ಹೆಂಗಸರಲ್ಲಿ ಓದಬಲ್ಲವಳು. ಭಾನುವಾರ ಮಧ್ಯಾಹ್ನ ಅಕ್ಕಿ ಆರಿಸುತ್ತಾ ಎಲ್ಲರೂ ನಮ್ಮ ಬಾಗಿಲ ಮುಂದೆ ಕೂರುವರು, ನಾನು ವಾರಪತ್ರಿಕೆಯ ಧಾರಾವಾಹಿ ಓದುವೆ. ಕನ್ನಡವಿಲ್ಲದ ಆ ಊರಿನಲ್ಲಿ ನನಗಿದ್ದ ಮರ್ಯಾದೆಯೆಲ್ಲ ಅದೇ.

ಒಂದು ವರ್ಷ ಬಂದದ್ದು ಮಾಟಗಾರನಿಂದ ಕೋಟೆ ಕಾಯುವ ರಾಜಕುಮಾರಿಯ ಕಥೆ. ಹಾರುವ ಕುದುರೆ, ಉರಿಯುವ ಕತ್ತಿ. ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಿದ್ದ ವಿಜಾಪುರದ ಅಕ್ಕ, ಕತ್ತಿಯ ಮಾತು ಬಂದಾಗೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. ಕೈ ಹಿಡಿಯಲು ಬಂದ ಕೂಲಿಯವರ ಮೇಸ್ತ್ರಿ ಮುಕಾದಮನ ಕಾಲ ಮೇಲೆ ಇಟ್ಟಿಗೆ ಬುಟ್ಟಿ ಸುರಿದು ಬಂದಿದ್ದವಳು ಅವಳು.

ಕೊನೆಯ ಕಂತಿನಲ್ಲಿ ಮಾಟಗಾರನನ್ನು ಗೆದ್ದ ರಾಜಕುಮಾರಿ, ಇನ್ನು ಇದು ನನಗೇಕೆ ಎಂದು ಕತ್ತಿಯನ್ನು ತನ್ನನ್ನು ವರಿಸಲು ಬಂದ ರಾಜಕುಮಾರನ ಪಾದದ ಬಳಿ ಇಟ್ಟು ಅವನಿಗೆ ಹಾರ ಹಾಕುತ್ತಾಳೆ. ಅಕ್ಕನ ಮುಖ ನೋಡಿದೆ. ಓದಲಾಗಲಿಲ್ಲ. ಪುಟದ ಮೇಲೆ ಕಣ್ಣಿಟ್ಟುಕೊಂಡೇ ಬೇರೆ ಹೇಳಿದೆ: "ಮದುವೆಯಾಗುವುದಾದರೆ ಬಾ. ಕೋಟೆಯ ಒಂದು ಬಾಗಿಲು ನೀನು ಕಾಯು, ಇನ್ನೊಂದನ್ನು ನಾನು ಕಾಯುತ್ತೇನೆ ಎಂದಳು." ಯಾರಿಗೂ ಅನುಮಾನ ಬರಲಿಲ್ಲ.

ಎರಡು ವರ್ಷದ ನಂತರ ಆ ಕಥೆ ಸಿನಿಮಾ ಆಯಿತು. ಮಾಟುಂಗದ ಥಿಯೇಟರಿನಲ್ಲಿ ಭಾನುವಾರ ಬೆಳಗಿನ ಆಟಕ್ಕೆ ಎಲ್ಲರೂ ಹೋದೆವು. ಅದರಲ್ಲಿ ಮಾಟಗಾರನನ್ನು ಕೊಂದವನು ರಾಜಕುಮಾರ. ಅವಳು ಕಂಬದ ಹಿಂದೆ ನಿಂತು ನೋಡಿದಳು, ಆಮೇಲೆ ಕತ್ತಿ ಅವನ ಪಾದಕ್ಕಿಟ್ಟಳು. ನಡೆದು ಮನೆಗೆ ಬರುವಾಗ ದಾರಿಯುದ್ದಕ್ಕೂ ಬೈಗುಳ.

"ಛಲೋ ಕತಿ ಕುಲಗೆಡಿಸ್ಯಾರ! ಅಂಥಾಕಿನ್ನ ಕಂಬದ ಹಿಂದ ನಿಲ್ಲಿಸ್ಯಾರಲ್ಲ," ಎಂದಳು ಅಕ್ಕ. "ತಂಗಿ, ಕತಿ ಬರದವರಿಗೆ ಕಾಗದ ಹಾಕು. ಸಿನಿಮಾದವರು ನಿಮ್ಮ ಕೊನಿ ಬದಲಿ ಮಾಡ್ಯಾರ್ರಿ ಅಂತ ಬರಿ. ನಾವೆಲ್ಲ ಹೆಬ್ಬಟ್ಟು ಒತ್ತತೀವಿ."

ನನ್ನ ಕಾಲು ಅಲ್ಲೇ ನಿಂತಿತು. ಹೇಳಿದರೆ ಇನ್ನು ನನ್ನ ಓದನ್ನು ಯಾರು ನಂಬುತ್ತಾರೆ? ಹೇಳದಿದ್ದರೆ ನನ್ನ ಸುಳ್ಳಿನ ಕೆಳಗೆ ಇವರ ಹೆಬ್ಬೆಟ್ಟು.

"ಅಕ್ಕಾ, ಕಂಬದ ಹಿಂದೆ ನಿಲ್ಲಿಸಿದ್ದು ಸಿನಿಮಾದವರೇ. ಕತ್ತಿ ಕೆಳಗಿಡಿಸಿದ್ದು ಮಾತ್ರ ಬರೆದವರು. ನಾನೇ ಬದಲಾಯಿಸಿ ಓದ್ಬಿಟ್ಟೆ."

"ಮತ್ತ ಆ ಬಾಗಿಲಾ ಕಾಯೂ ಮಾತು?"

"ಅದು ನಂದೇ."

ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಯವ್ವಾ! ನಳದ ನೀರಿಗೆ ನಿನ್ನ ಪಾಳಿ ಮಂದಿಗೆ ಬಿಟ್ಟುಕೊಡಾಕಿ, ರಾಜನ ಮಗನ್ನ ಬಾಗಿಲಾ ಕಾಯಾಕ ಹಚ್ಚಿಯಲ್ಲ!"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ಆದರ ನಮಗ ಮೋಸ ಮಾಡಬ್ಯಾಡ. ಬರದದ್ದು ಬರದ್ಹಂಗ ಓದು. ಆಮ್ಯಾಲ ನಿಂದು ಹೇಳು. ಯಾವುದು ಖರೆ ಅನ್ನೂದು ನಾವು ನೋಡ್ತೀವಿ."

ಆ ಸಂಜೆಯೇ ಕಥೆ ಬರೆದವರಿಗೆ ಕಾಗದ ಹಾಕಿದೆ, ನಿಮ್ಮ ಕೊನೆ ನಮಗೆ ಒಪ್ಪಿಗೆಯಿಲ್ಲ ಎಂದು. ನನ್ನ ಸಹಿಯ ಕೆಳಗೆ ಏಳು ಹೆಬ್ಬೆಟ್ಟು. ಉತ್ತರ ಬರಲಿಲ್ಲ.

ಮುಂದಿನ ಭಾನುವಾರ ಏಳೂ ಜನ ಬಂದು ಕೂತರು. ಅಚ್ಚಾದದ್ದನ್ನು ಅಚ್ಚಾದಂತೆ ಓದಿದೆ, ಆಮೇಲೆ ನನ್ನ ಮಾತು ಹೇಳಿದೆ. ಕೆಲವು ವಾರ ಓದಿಗಿಂತ ಜಗಳವೇ ಉದ್ದವಾಗುತ್ತಿತ್ತು. ಒಂದೆರಡು ಸಲ ಬರೆದವರೇ ಸರಿ, ನನ್ನದು ತಪ್ಪು ಎಂದೂ ತೀರ್ಮಾನವಾಯಿತು. ಅದಕ್ಕೂ ನನಗೆ ಹೆಮ್ಮೆಯೇ. ನನ್ನ ಮಾತನ್ನು ತೂಗಿ ನೋಡಿದರಲ್ಲ.